ಹೊರನಾಡಿನ ಕನ್ನಡ ತರಗತಿಗೆ ಖರ್ಚಿಲ್ಲದ ತಂತ್ರಜ್ಞಾನ

ಕರ್ನಾಟಕದ ಹೊರಗೆ ಕನ್ನಡ ಕಲಿಸುವವರ ಪಾಡು ಒಳನಾಡಿನ ಶಿಕ್ಷಕರ ಪಾಡಿಗಿಂತ ಬೇರೆ ಬಗೆಯದು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಇರುವ ಶಿಕ್ಷಕರಿಗೆ ಒಂದು ಅಭ್ಯಾಸಪುಸ್ತಕ, ಒಂದು ಕಥಾಸಂಕಲನ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಬೇಕಾದರೆ ಪೇಟೆಯ ಪುಸ್ತಕದಂಗಡಿಗೆ ಹೋದರೆ ಸಾಕು. ಹೈದರಾಬಾದಿನಲ್ಲಿ ಆ ಅನುಕೂಲವಿಲ್ಲ. ಸರ್ಕಾರದ ಪಠ್ಯಪುಸ್ತಕವೇನೋ ದೊರೆಯುತ್ತದೆ. ಅದರಾಚೆಗೆ ಬೇಕಾಗುವ ಸಾಮಗ್ರಿಯನ್ನು ಬೆರಳೆಣಿಕೆಯ ತರಗತಿಗಳಿಗಾಗಿ ಅಚ್ಚುಹಾಕಿಸಲು ಯಾವ ಪ್ರಕಾಶಕರೂ ಮುಂದೆ ಬರುವುದಿಲ್ಲ. ಹೀಗಾಗಿ ಇಲ್ಲಿಯ ಕನ್ನಡ ಶಿಕ್ಷಕರು ತಮ್ಮ ಸಾಮಗ್ರಿಗೆ ತಾವೇ ಲೇಖಕರೂ ಪ್ರಕಾಶಕರೂ ಆಗಬೇಕಾಗಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಹೈದರಾಬಾದು ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೂ ರಾಜಧಾನಿಯಾಗಿತ್ತು. ಆ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿ ಉಳಿದ ಕನ್ನಡ ಮನೆಮಾತಾಗಿ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳಂತಹ ಸಂಸ್ಥೆಗಳಲ್ಲಿ, ಸಂಘಸಂಸ್ಥೆಗಳು ಬಿಡುವಿನ ದಿನಗಳಲ್ಲಿ ನಡೆಸುವ ತರಗತಿಗಳಲ್ಲಿ ಬದುಕಿಕೊಂಡು ಬಂದಿದೆ. ರಾಯಚೂರಿಗೆ ಹೊಂದಿಕೊಂಡಿರುವ ನಾರಾಯಣಪೇಟೆ ಜಿಲ್ಲೆಯ ಗಡಿಗ್ರಾಮಗಳ ಕನ್ನಡ ಶಾಲೆಗಳ ಸ್ಥಿತಿಯೂ ಇದಕ್ಕೆ ಹತ್ತಿರವಾದದ್ದೇ. ಈ ಶಿಕ್ಷಕರೆಲ್ಲರ ಕೈಯಲ್ಲಿ ಈಗಾಗಲೇ ಇರುವ ಮೊಬೈಲು ಮತ್ತು ಶಾಲೆಯಲ್ಲೊಂದು ಗಣಕಯಂತ್ರ, ಇವೆರಡರಿಂದ ಒಂದು ರೂಪಾಯಿಯೂ ವೆಚ್ಚವಿಲ್ಲದೆ ಏನೇನು ಸಾಧ್ಯ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ಅಕ್ಷರ ಸರಿಯಾಗಲಿ

ಎಲ್ಲ ಉಪಾಯಗಳಿಗೂ ತಳಹದಿ ಯೂನಿಕೋಡ್. ಗಣಕಯಂತ್ರವು ಅಕ್ಷರವನ್ನು ಅರಿಯದು, ಅಂಕಿಯನ್ನಷ್ಟೇ ಅರಿಯುತ್ತದೆ. ಹಿಂದಿನ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಅಂಕಿಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ನೋಡುವ ಕಣ್ಣಿಗೆ ಅದು ಕನ್ನಡ. ಯಂತ್ರದ ಮಟ್ಟಿಗೆ ರೋಮನ್. ಆ ಅಕ್ಷರಶೈಲಿಯಿಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದೊಡನೆ ಕಡತದ ಬಣ್ಣ ಬಯಲಾಗಿ, ಓದಲಾಗದ ಗೋಜಲು ಕಾಣಿಸಿಕೊಳ್ಳುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. ಜಗತ್ತಿನ ಬಹುತೇಕ ಪ್ರತಿ ಲಿಪಿಗೂ ಅದರಲ್ಲಿ ತನ್ನದೇ ಆದ ನೆಲೆಯಿದೆ. ಕನ್ನಡಕ್ಕೆ 3200ರಿಂದ 3327ರವರೆಗಿನ ಸಂಖ್ಯೆಗಳು ಮೀಸಲು. 'ಕ' ಅಕ್ಷರದ ಸಂಖ್ಯೆ 3221. ಅದು ಕಾಚಿಗುಡದಲ್ಲಿಯೂ ಅಷ್ಟೇ, ಕ್ಯಾಲಿಫೋರ್ನಿಯಾದಲ್ಲಿಯೂ ಅಷ್ಟೇ. ಆದ್ದರಿಂದ ಯೂನಿಕೋಡಿನಲ್ಲಿ ಬರೆದದ್ದನ್ನು ಮಿಂಚಂಚೆಯಲ್ಲಿ ಕಳುಹಿಸಬಹುದು, ವಾಟ್ಸ್‌ಆಪ್‌ನಲ್ಲಿ ಹಂಚಬಹುದು, ಅಂತರಜಾಲದಲ್ಲಿ ಹುಡುಕಬಹುದು.

ಇದಕ್ಕಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ಗೂಗಲ್‌ನ ಜೀಬೋರ್ಡ್ ಕೀಲಿಮಣೆಯ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿಕೊಂಡರೆ ಆಯಿತು. ವಿಂಡೋಸ್ ಗಣಕಯಂತ್ರದಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ವಿಭಾಗದಲ್ಲಿ ಕನ್ನಡವನ್ನು ಸೇರಿಸಬೇಕು. 2019ರಿಂದೀಚೆಗೆ ವಿಂಡೋಸ್ ಹತ್ತರಲ್ಲಿ ಕನ್ನಡದ ಫೊನೆಟಿಕ್ ಕೀಲಿಮಣೆ ಒಳಗೇ ಅಡಕವಾಗಿ ಬರುತ್ತದೆ, ಹನ್ನೊಂದರಲ್ಲಿಯೂ ಇದೆ. ವಿಂಡೋಸ್ ಕೀಲಿಯನ್ನೂ ಸ್ಪೇಸ್ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳಬಹುದು. ಅಂದವಾದ ಅಚ್ಚು ಬೇಕೆನ್ನುವವರಿಗೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎಂಬ ಅಕ್ಷರಶೈಲಿಗಳು ಉಚಿತವಾಗಿ ದೊರೆಯುತ್ತವೆ.

ಹಳೆಯ ಕಡತಗಳನ್ನು ಎಸೆಯಬೇಡಿ

ಹಲವಾರು ಶಿಕ್ಷಕರ ಬಳಿ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳೂ ಟಿಪ್ಪಣಿಗಳೂ ಇರುತ್ತವೆ. ಮೊಬೈಲಿನಲ್ಲಿ ತೆರೆಯುವುದಿಲ್ಲವೆಂಬ ಕಾರಣಕ್ಕೆ ಇವು ಮೂಲೆಗುಂಪಾಗಿವೆ. ಅನೇಕ ವರ್ಷಗಳ ಶ್ರಮ ಹೀಗೆ ವ್ಯರ್ಥವಾಗಬೇಕಿಲ್ಲ. ಹಳೆಯ ಸಂಕೇತದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಅಂತರಜಾಲದಲ್ಲಿವೆ. ಕಡತದ ಪಠ್ಯವನ್ನು ನಕಲು ಮಾಡಿ ಒಂದು ಪೆಟ್ಟಿಗೆಯಲ್ಲಿ ಅಂಟಿಸಿದರೆ ಇನ್ನೊಂದು ಪೆಟ್ಟಿಗೆಯಲ್ಲಿ ಯೂನಿಕೋಡ್ ಪಠ್ಯ ಮೂಡುತ್ತದೆ. ಪರಿವರ್ತನೆಯಾದ ಮೇಲೆ ಒಮ್ಮೆ ಕಣ್ಣಾಡಿಸುವುದು ಮಾತ್ರ ಅಗತ್ಯ. 'ವರ್ಷ', 'ಕಾರ್ಯ' ಮುಂತಾದ ಅರ್ಕಾವತ್ತಿನ ಪದಗಳಲ್ಲಿಯೂ ಎರಡು ಒತ್ತುಗಳು ಕೂಡುವ ಪದಗಳಲ್ಲಿಯೂ ತಪ್ಪುಗಳು ನುಸುಳುವ ಸಂಭವವಿದೆ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಬರೆಯುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರವೇ ಮೊದಲು ಬರುತ್ತದೆ. ತಪ್ಪಿನ ಮೂಲ ಇದೇ. ವಾರಕ್ಕೆ ಒಂದು ಕಡತದಂತೆ ಪರಿವರ್ತಿಸುತ್ತ ಹೋದರೂ ವರ್ಷಾಂತ್ಯಕ್ಕೆ ಐವತ್ತು ಕಡತಗಳು ಜೀವ ಪಡೆದಿರುತ್ತವೆ.

ಮಾತು ಬಲ್ಲ ಮಗುವಿಗೆ ಬರಹದ ದಾರಿ

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಹೆಚ್ಚಾಗಿ ಕಾಣುವ ತೊಡಕೊಂದಿದೆ. ಮಗು ಅಜ್ಜಿಯೊಡನೆ ಸೊಗಸಾಗಿ ಕನ್ನಡ ಮಾತಾಡುತ್ತದೆ, ಆದರೆ ಓದಲಾರದು, ಬರೆಯಲಾರದು. ಮಾತಿನ ಈ ಬಂಡವಾಳವನ್ನೇ ಬರಹದತ್ತ ತಿರುಗಿಸಲು ಧ್ವನಿಯಿಂದ ಬೆರಳಚ್ಚು ಮಾಡುವ ಸೌಲಭ್ಯ ಬಹಳ ಉಪಯುಕ್ತ. ಗೂಗಲ್ ಇದನ್ನು 2017ರ ಆಗಸ್ಟ್‌ನಲ್ಲಿ ಕನ್ನಡಕ್ಕೆ ವಿಸ್ತರಿಸಿತು. ಕೀಲಿಮಣೆಯ ಮೇಲಿರುವ ಮೈಕಿನ ಗುರುತನ್ನು ಮುಟ್ಟಿ ಮಾತಾಡಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತದೆ.

ತರಗತಿಯಲ್ಲಿ ಇದನ್ನು ಹೀಗೆ ಬಳಸಬಹುದು. 'ನಿಮ್ಮ ಮನೆಯಲ್ಲಿ ಯುಗಾದಿ ಹೇಗೆ ಆಚರಿಸಿದಿರಿ?' ಎಂದು ಕೇಳಿ, ಮಗು ಹೇಳುವ ನಾಲ್ಕು ವಾಕ್ಯಗಳನ್ನು ಮೊಬೈಲಿಗೆ ಕೇಳಿಸಬೇಕು. ಮೂಡಿದ ಬರಹವನ್ನು ಕರಿಹಲಗೆಯ ಮೇಲೆ ಇದ್ದಂತೆಯೇ ಬರೆಯಬೇಕು. ಯಂತ್ರವು ಪೂರ್ಣವಿರಾಮವನ್ನು ಬಿಟ್ಟಿರುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡಿರುತ್ತದೆ. ಬೀದರಿನ ಕಡೆಯ ಮಾತನ್ನು ಏನೋ ಒಂದಾಗಿ ಕೇಳಿಸಿಕೊಂಡಿರುತ್ತದೆ. ಆ ತಪ್ಪುಗಳನ್ನು ಹುಡುಕಿ ತಿದ್ದುವ ಕೆಲಸ ಮಕ್ಕಳದು. ತಾನು ಆಡಿದ ಮಾತೇ ಕಣ್ಣೆದುರು ಅಕ್ಷರವಾಗಿ ನಿಂತಾಗ ಮಗುವಿಗೆ ಅದನ್ನು ಓದುವ ಆಸೆ ಹುಟ್ಟುತ್ತದೆ. ಯಂತ್ರದ ತಪ್ಪನ್ನು ತಿದ್ದಲು ಮಕ್ಕಳು ನಾಚುವುದಿಲ್ಲ, ತಿದ್ದಿಸಿಕೊಳ್ಳುವ ಭಯವೂ ಇರುವುದಿಲ್ಲ.

ಇದಕ್ಕಿಂತಲೂ ಸರಳವಾದದ್ದು ಮೊಬೈಲಿನ ಧ್ವನಿಮುದ್ರಕ. ತಿಂಗಳ ಮೊದಲ ವಾರ ಪ್ರತಿ ಮಗುವಿನಿಂದ ಒಂದು ಪ್ಯಾರಾ ಓದಿಸಿ ಮುದ್ರಿಸಿಕೊಳ್ಳಿ. ಕೊನೆಯ ವಾರ ಅದೇ ಪ್ಯಾರಾವನ್ನು ಮತ್ತೆ ಓದಿಸಿ ಮುದ್ರಿಸಿ. ಎರಡನ್ನೂ ಪಾಲಕರಿಗೆ ಕೇಳಿಸಿದರೆ ಅಂಕಪಟ್ಟಿ ಹೇಳದ ಪ್ರಗತಿ ಕಿವಿಗೆ ತಿಳಿಯುತ್ತದೆ.

ತೆಲುಗಿನ ಮೆಟ್ಟಿಲು

ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ 2018ರಲ್ಲಿ ಬಂದಿತು. ಆದ್ದರಿಂದ ಇಲ್ಲಿಯ ಕನ್ನಡ ಮಗುವಿಗೆ ಕನ್ನಡದ ಅಕ್ಷರ ಬಾರದಿದ್ದರೂ ತೆಲುಗಿನ ಅಕ್ಷರ ಪರಿಚಿತ. ಇದನ್ನು ಕೊರತೆಯೆಂದು ಭಾವಿಸದೆ ಮೆಟ್ಟಿಲಾಗಿ ಬಳಸಿಕೊಳ್ಳುವುದು ಜಾಣತನ. ಎರಡೂ ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಗ, ಡ, ದ, ನ, ಬ, ರ, ಲ ಮುಂತಾದ ಅಕ್ಷರಗಳಲ್ಲಿ ತಲೆಕಟ್ಟಿನ ಹೊರತು ಹೆಚ್ಚಿನ ವ್ಯತ್ಯಾಸವಿಲ್ಲ. ಕ, ತ, ಶ ಮುಂತಾದ ಕೆಲವನ್ನು ಮಾತ್ರ ಹೊಸದಾಗಿ ಕಲಿಸಬೇಕು.

ಯೂನಿಕೋಡಿನಲ್ಲಿಯೂ ಈ ನೆಂಟಸ್ತಿಕೆ ಉಳಿದುಕೊಂಡಿದೆ. ತೆಲುಗಿನ ನೆಲೆ 3072ರಿಂದ 3199. ಕನ್ನಡದ ನೆಲೆ ಅದರ ಪಕ್ಕದ ಮನೆ. ತೆಲುಗಿನ ಕಕಾರದ ಸಂಖ್ಯೆ 3093. ಅದಕ್ಕೆ 128 ಕೂಡಿಸಿದರೆ 3221, ಅಂದರೆ ಕನ್ನಡದ ಕಕಾರ. ಬಹುತೇಕ ಎಲ್ಲ ಅಕ್ಷರಗಳಿಗೂ ಇದೇ ಲೆಕ್ಕ. ಈ ಕಾರಣದಿಂದಲೇ ಒಂದು ಲಿಪಿಯನ್ನು ಇನ್ನೊಂದಕ್ಕೆ ತಿರುಗಿಸುವುದು ಯಂತ್ರಕ್ಕೆ ಸುಲಭ. ವಿನೋದ್ ರಾಜನ್ ಅವರು ರೂಪಿಸಿದ 'ಅಕ್ಷರಮುಖ' ಎಂಬ ಉಚಿತ ಸಾಧನ ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ. ಶಿಕ್ಷಕರು ಕನ್ನಡದ ಒಂದು ಚಿಕ್ಕ ಕಥೆಯನ್ನು ಅದರಲ್ಲಿ ಹಾಕಿ, ಎಡಬದಿಗೆ ತೆಲುಗು ಲಿಪಿ, ಬಲಬದಿಗೆ ಕನ್ನಡ ಲಿಪಿ ಬರುವಂತೆ ಒಂದು ಹಾಳೆಯನ್ನು ಅಚ್ಚುಮಾಡಿಕೊಳ್ಳಬಹುದು. ಬದಲಾಗುವುದು ಲಿಪಿ ಮಾತ್ರ, ಭಾಷೆ ಕನ್ನಡವೇ ಎಂಬುದನ್ನು ಮಕ್ಕಳಿಗೆ ಸ್ಪಷ್ಟಪಡಿಸಬೇಕು. ಮೊದಲ ವಾರ ಎರಡೂ ಸಾಲುಗಳು, ಮುಂದಿನ ವಾರ ಕಷ್ಟದ ಪದಗಳಿಗಷ್ಟೇ ತೆಲುಗು, ಅನಂತರ ಕನ್ನಡವೊಂದೇ. ಮೆಟ್ಟಿಲು ಹತ್ತಲಿಕ್ಕೆ, ಅದರ ಮೇಲೆಯೇ ಕುಳಿತುಬಿಡಬಾರದು.

ಪುಟದಿಂದ ಪರದೆಗೆ

ಒಳ್ಳೆಯ ಹಳೆಯ ಪಾಠವೊಂದು ಪುಸ್ತಕದಲ್ಲಿದೆ, ಅದನ್ನು ಮತ್ತೆ ಬೆರಳಚ್ಚು ಮಾಡುವಷ್ಟು ಬಿಡುವಿಲ್ಲ ಎನ್ನುವವರಿಗೆ ಚಿತ್ರದಿಂದ ಅಕ್ಷರವನ್ನು ಬಿಡಿಸುವ ಸೌಲಭ್ಯವಿದೆ. ಪುಟದ ಸ್ಪಷ್ಟವಾದ ಛಾಯಾಚಿತ್ರ ತೆಗೆದು ಗೂಗಲ್ ಡ್ರೈವ್‌ಗೆ ಏರಿಸಿ, ಗಣಕಯಂತ್ರದಲ್ಲಿ ಅದನ್ನು ಗೂಗಲ್ ಡಾಕ್ಸ್ ಮೂಲಕ ತೆರೆದರೆ ಚಿತ್ರದ ಕೆಳಗೆ ತಿದ್ದಬಹುದಾದ ಕನ್ನಡ ಪಠ್ಯ ಬರುತ್ತದೆ. ಮೊಬೈಲಿನಲ್ಲಿ ಗೂಗಲ್ ಲೆನ್ಸ್ ಇದೇ ಕೆಲಸ ಮಾಡುತ್ತದೆ. ಹಗಲ ಬೆಳಕಿನಲ್ಲಿ, ಪುಟ ಬಾಗದಂತೆ, ನೆರಳು ಬೀಳದಂತೆ ತೆಗೆದ ಚಿತ್ರದಲ್ಲಿ ತಪ್ಪುಗಳು ಕಡಿಮೆ.

ಇಲ್ಲಿ ಹಕ್ಕುಸ್ವಾಮ್ಯದ ಪ್ರಶ್ನೆ ಏಳುತ್ತದೆ. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ವಿಧಿಯು ಪಾಠ ಹೇಳುವ ಸಂದರ್ಭದಲ್ಲಿ ಮತ್ತು ಪರೀಕ್ಷೆಯ ಪ್ರಶ್ನೆಗಳಲ್ಲಿ ಕೃತಿಯೊಂದನ್ನು ನಕಲು ಮಾಡಲು ಶಿಕ್ಷಕರಿಗೆ ಅವಕಾಶ ಕೊಡುತ್ತದೆ. ತರಗತಿಗಾಗಿ ಮಾಡಿಕೊಂಡದ್ದನ್ನು ಅಂತರಜಾಲದಲ್ಲಿ ಎಲ್ಲರಿಗೂ ಹಂಚುವುದು ಬೇರೆ ಮಾತು. ಅದಕ್ಕೆ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷಗಳು ಕಳೆದಿರಬೇಕು, ಇಲ್ಲವೇ ಅನುಮತಿ ಪಡೆದಿರಬೇಕು. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ ಹಕ್ಕುಸ್ವಾಮ್ಯ ಇನ್ನೂ ಇದೆ. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಮಕ್ಕಳ ಕಥೆ, ಕವಿತೆಗಳು ಸಾರ್ವಜನಿಕ ಸ್ವತ್ತಾಗಿವೆ. ಸ್ವತಃ ಶಿಕ್ಷಕರಾಗಿದ್ದ ಪಂಜೆಯವರು 1934ರಲ್ಲಿ, ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಹೈದರಾಬಾದಿನ ಕನ್ನಡ ತರಗತಿ ತನ್ನ ಸಂಗ್ರಹವನ್ನು ಆರಂಭಿಸಲು ಅವರ ಬರಹಗಳಿಗಿಂತ ಒಳ್ಳೆಯ ಮೊದಲಿಲ್ಲ.

ಕಥೆ, ನಿಘಂಟು, ಪ್ರಯೋಗಶಾಲೆ

ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಚಿತ್ರಸಹಿತ ಕನ್ನಡ ಕಥೆಗಳು ಹೇರಳವಾಗಿವೆ. ಓದಿನ ಮಟ್ಟಕ್ಕೆ ತಕ್ಕಂತೆ ಅವುಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ. ಓದುವುದಲ್ಲದೆ, ಇಳಿಸಿಕೊಳ್ಳಲು, ಅಚ್ಚುಹಾಕಲು, ಅನುವಾದಿಸಲು ಕೂಡ ಅಲ್ಲಿಯ ಪರವಾನಗಿಯಲ್ಲಿ ಅವಕಾಶವಿದೆ. ಮೂಲ ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿದರೆ ಸಾಕು. ತೆಲುಗಿನ ಕಥೆಯೊಂದನ್ನು ಮೇಲಿನ ತರಗತಿಯ ಮಕ್ಕಳಿಂದ ಕನ್ನಡಕ್ಕೆ ಅನುವಾದ ಮಾಡಿಸಿ, ಅದನ್ನೇ ಕೆಳಗಿನ ತರಗತಿಯ ಮಕ್ಕಳಿಗೆ ಓದಲು ಕೊಡಬಹುದು. ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ಮಕ್ಕಳಿಗೆ ಇದಕ್ಕಿಂತ ಸಹಜವಾದ ಅಭ್ಯಾಸ ಇನ್ನೊಂದಿಲ್ಲ.

ಪದಗಳ ಅರ್ಥಕ್ಕಾಗಿ ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಎಂಬ ಹೆಸರಿನಲ್ಲಿ 2019ರಿಂದ ಅಂತರಜಾಲದಲ್ಲಿ ಮುಕ್ತವಾಗಿ ದೊರೆಯುತ್ತಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿಯೂ ನಿಘಂಟುಗಳಿವೆ. ಪಠ್ಯಪುಸ್ತಕಗಳ ಪುಟಗಳಲ್ಲಿ ಅಚ್ಚಾಗಿರುವ ಚೌಕಾಕಾರದ ಕ್ಯೂಆರ್ ಸಂಕೇತವನ್ನು, 2017ರಲ್ಲಿ ಆರಂಭವಾದ ದೀಕ್ಷಾ ಆಪ್‌ನ ಮೂಲಕ ಮೊಬೈಲಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ.

ವಿಜ್ಞಾನ ಶಿಕ್ಷಕರಿಗೆ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ 'ಫೆಟ್' ಒಂದು ವರದಾನ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ವಿದ್ಯುತ್ ಮಂಡಲ, ಲೋಲಕ, ಬೆಳಕಿನ ಬಾಗು ಮುಂತಾದವನ್ನು ಪರದೆಯ ಮೇಲೆ ಕೈಯಾರೆ ಮಾಡಿ ನೋಡಬಹುದು. ಹಲವು ಪ್ರಯೋಗಗಳು ಕನ್ನಡದಲ್ಲಿಯೂ ಇವೆ. ಒಮ್ಮೆ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ನಡೆಯುತ್ತವೆ ಎಂಬುದು ಗಡಿಗ್ರಾಮದ ಶಾಲೆಗಳು ಗಮನಿಸಬೇಕಾದ ಸಂಗತಿ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದೊಡನೆ ಕನ್ನಡದಲ್ಲಿ ಪ್ರಶ್ನೆಗಳನ್ನು ಹೊಸೆದುಕೊಡುತ್ತವೆ. ಇಪ್ಪತ್ತು ಖಾಲಿ ಬಿಟ್ಟ ಸ್ಥಳಗಳು, ಹತ್ತು ಹೊಂದಿಸಿ ಬರೆಯಿರಿ, ಇಂತಹ ಕೆಲಸಕ್ಕೆ ಅವು ಒದಗುತ್ತವೆ. ಆದರೆ ಅವು ಇಲ್ಲದ ಗಾದೆಯನ್ನು ಇದೆಯೆನ್ನುತ್ತವೆ, ಒಬ್ಬ ಕವಿಯ ಪದ್ಯವನ್ನು ಇನ್ನೊಬ್ಬರ ಹೆಸರಿಗೆ ಹಚ್ಚುತ್ತವೆ, ಯಾರೂ ಆಡದ ಕನ್ನಡವನ್ನು ಬರೆಯುತ್ತವೆ. ಪಾಠದ ಪಠ್ಯವನ್ನು ನಾವೇ ಒದಗಿಸಿ, ಅದರೊಳಗಿಂದಲೇ ಪ್ರಶ್ನೆ ತೆಗೆಯಲು ಹೇಳಿ, ಬಂದದ್ದನ್ನು ಪುಸ್ತಕ ಹಿಡಿದು ಪರಿಶೀಲಿಸಿದ ಮೇಲೆಯೇ ಮಕ್ಕಳ ಕೈಗೆ ಕೊಡತಕ್ಕದ್ದು.

ಉಚಿತದ ಬೆಲೆ

ಉಚಿತವೆಂದೊಡನೆ ಶಾಶ್ವತವೆಂದು ಭಾವಿಸಬಾರದು. ಶಿಕ್ಷಕರು ಬಹಳವಾಗಿ ಬಳಸುತ್ತಿದ್ದ ಗೂಗಲ್‌ನ ಜ್ಯಾಮ್‌ಬೋರ್ಡ್ ಎಂಬ ಬರೆಯುವ ಹಲಗೆ 2024ರ ಅಂತ್ಯಕ್ಕೆ ನಿಂತುಹೋಯಿತು. ಆದ್ದರಿಂದ ಎಲ್ಲಿಯೇ ಸಿದ್ಧಪಡಿಸಿದರೂ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ, ಸಾಧಾರಣ ಪಠ್ಯರೂಪದಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಎರಡನೆಯದಾಗಿ, ಮಕ್ಕಳ ಹೆಸರು, ಭಾವಚಿತ್ರ, ಧ್ವನಿಗಳು ನಮ್ಮ ಸ್ವತ್ತಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ಮಗುವಿನ ಓದನ್ನು ಮುದ್ರಿಸಿಕೊಳ್ಳುವ ಮುನ್ನ ತಾಯಿತಂದೆಯರನ್ನು ಕೇಳುವುದು ಶಿಷ್ಟಾಚಾರ. ಒಂದು ಮಗುವಿನ ತಡವರಿಕೆಯ ಓದು ಇಡೀ ತರಗತಿಯ ವಾಟ್ಸ್‌ಆಪ್ ಗುಂಪಿಗೆ ಎಂದೂ ಹೋಗಕೂಡದು.

ಒಬ್ಬರ ಶ್ರಮ ಹತ್ತು ಜನರಿಗೆ

ಇಷ್ಟೆಲ್ಲವನ್ನೂ ಒಬ್ಬರೇ ಮಾಡಬೇಕೆಂದರೆ ಯಾರಿಗೂ ಸಾಧ್ಯವಿಲ್ಲ. ಪ್ರತಿ ಶಿಕ್ಷಕರೂ ಮೇಲಿನವುಗಳಲ್ಲಿ ಒಂದನ್ನು ಆಯ್ದುಕೊಂಡು ಒಂದು ತಿಂಗಳು ಪ್ರಯೋಗಿಸಿದರೆ ಸಾಕು. ಹಾಗೆ ಸಿದ್ಧವಾದದ್ದನ್ನು ಎಲ್ಲರೂ ತೆರೆಯಬಹುದಾದ ಒಂದು ಕಡತಕೋಶದಲ್ಲಿ ಇಡುವ ವ್ಯವಸ್ಥೆ ಬೇಕು. ಕಡತದ ಹೆಸರಿನಲ್ಲಿ ತರಗತಿ, ವಿಷಯ, ಪಾಠ, ವರ್ಷ ಈ ನಾಲ್ಕೂ ಇದೇ ಕ್ರಮದಲ್ಲಿದ್ದರೆ ಹುಡುಕುವುದು ಸುಲಭ. ಅಪ್ರಕಟಿತ ಪ್ರಶ್ನೆಪತ್ರಿಕೆಗಳನ್ನೂ ಮಕ್ಕಳ ವಿವರಗಳನ್ನೂ ಹೊರಗಿಟ್ಟು, ಉಳಿದುದನ್ನು ಕಾಚಿಗುಡದ ಶಿಕ್ಷಕರು ಮಾಡಿದ್ದು ನಾರಾಯಣಪೇಟೆಗೆ, ಅಲ್ಲಿಯದು ಇಲ್ಲಿಗೆ ಒದಗುವಂತಾಗಬೇಕು.

ನಗರದ ಕನ್ನಡ ಬಾಂಧವರಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವವರ ಸಂಖ್ಯೆ ಕಡಿಮೆಯೇನಲ್ಲ. ಅವರು ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು ಶಾಲೆಯ ಯಂತ್ರದಲ್ಲಿ ಕನ್ನಡ ಕೀಲಿಮಣೆಯನ್ನು ಸಜ್ಜುಗೊಳಿಸಿಕೊಟ್ಟರೆ, ಹಳೆಯ ಕಡತಗಳನ್ನು ಪರಿವರ್ತಿಸಿಕೊಟ್ಟರೆ, ರಾಜ್ಯೋತ್ಸವದ ವೇದಿಕೆಯ ಮೇಲಿನ ಭಾಷಣಕ್ಕಿಂತ ಅದು ಹೆಚ್ಚಿನ ಕನ್ನಡ ಸೇವೆಯಾದೀತು. ಕನ್ನಡ ಆಡಬಲ್ಲ ಮಗುವಿಗೆ ಕನ್ನಡ ಓದಲು ಬಾರದೇ ಹೋದರೆ ಅದರ ಮುಂದಿನ ತಲೆಮಾರಿಗೆ ಆಡುವ ಮಾತೂ ಉಳಿಯುವುದು ಕಷ್ಟ. ಸಾಧನಗಳು ಕೈಗೆಟುಕುವಲ್ಲಿವೆ, ಖರ್ಚೂ ಇಲ್ಲ. ಆಸಕ್ತ ಶಿಕ್ಷಕರೂ ಸ್ವಯಂಸೇವಕರೂ ಬರುವ ಭಾನುವಾರವೇ ಒಂದು ಹಳೆಯ ಕಡತವನ್ನು ತೆರೆದು ಕೆಲಸ ಆರಂಭಿಸಲಿ.